ಅವ್ವನ ಮಡಿಲ ಸೊಪ್ಪು

ಮೊನ್ನೆ ಪೇಟೆಯ ದೊಡ್ಡ ಅಂಗಡಿಯೊಂದರಲ್ಲಿ ಅಣ್ಣೆ ಸೊಪ್ಪನ್ನ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಟ್ಟಿದ್ರು. ಮೇಲೆ 'ಸಾವಯವ' ಅಂತ ಚೀಟಿ. ಅವ್ವ ನೆನಪಾದಳು.

ಮಳೆಗಾಲದಲ್ಲಿ ಊರಿನವರ ರಾಗಿ ಹೊಲಕ್ಕೆ ಕಳೆ ಕೀಳೋ ಕೂಲಿಗೆ ಹೋಗ್ತಿದ್ದ ಅವ್ವ, ಸಂಜೆ ಮಡಿಲ ತುಂಬ ಅಣ್ಣೆ, ಗೋಣಿ, ಕನ್ನೆ ಸೊಪ್ಪು ತರ್ತಿದ್ದಳು. ಹೊಲದವರಿಗೆ ಅದು ಕಳೆ, ನಮಗೆ ಬೆರಕೆ ಸೊಪ್ಪಿನ ಉಪ್ಸಾರು. ಚಳಿಗಾಲಕ್ಕೆ ಸೊಗಡಿನ ಅವರೆಕಾಯಿ. ಬೇಸಿಗೆಗೆ ಹುಣಸೆ ಚಿಗುರು, ಹುಳಿಗೆ ಬೇರೇನೂ ಬೇಡ. ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಉಪ್ಪು ಅರೆದರೆ ಖಾರ ಆಯ್ತು. ಚಕ್ಕೆ, ಲವಂಗ, ಗಸಗಸೆ ಹಬ್ಬದ ಬಾಡೂಟಕ್ಕೆ ಮಾತ್ರ, ಅದೂ ಸಂತೆಯಲ್ಲಿ ಸಣ್ಣ ಪೊಟ್ಟಣ ಕಟ್ಟಿಸಿಕೊಂಡು.

ಈ ತಿಳಿವಳಿಕೆಯನ್ನ ಯಾರೂ ಪಾಕಶಾಸ್ತ್ರ ಅನ್ನಲಿಲ್ಲ. ನಾನು ಕೆಲಸ ಸಿಕ್ಕಿ ಪೇಟೇಲಿ ಮನೆ ಹುಡುಕಿದಾಗ ಮಾಲೀಕರು ಮೊದಲು ಕೇಳಿದ್ದು, 'ಮನೇಲಿ ಏನು ಬೇಯಿಸ್ತೀರಿ?' ಜಾತಿ ಕೇಳೋಕೆ ಸಂಕೋಚ ಪಡೋರು ಅಡುಗೆ ಕೇಳ್ತಾರೆ. ಎಷ್ಟೋ ವರ್ಷ ನಾವು ಕಿಟಕಿ ಮುಚ್ಚಿ ಮಸಾಲೆ ಹುರಿದ್ವಿ. 2024ರ ಡಿಸೆಂಬರ್‌ನಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನದಲ್ಲಿ ಬಾಡೂಟ ಬೇಕು ಅಂತ ಕೇಳಿದ್ದನ್ನ ಕೆಲವರು ನಾಲಿಗೆ ಚಪಲ ಅಂದ್ರು. ನನ್ನ ಕಿವಿಗೆ ಮಾತ್ರ ಅದು 'ಕಿಟಕಿ ತೆಗೀರಿ' ಅಂದಂಗೆ ಕೇಳಿಸ್ತು.

ಸೊಪ್ಪು ಅಂಗಡಿಗೆ ಬರಲಿ, ಬೇಡ ಅನ್ನಲ್ಲ. ಅದನ್ನ ಗುರುತಿಟ್ಟು ಉಳಿಸಿದ ಕೂಲಿ ಹೆಂಗಸರ ಮಾತೂ ಬರಲಿ. ಯಾವ ಕಾಲಕ್ಕೆ ಯಾವ ಸೊಪ್ಪು, ಅದಕ್ಕೆ ಯಾವ ಖಾರ ಅಂತ ನಿಮ್ಮ ಅವ್ವ, ಅಜ್ಜಿಯರನ್ನ ಇವತ್ತೇ ಕೇಳಿ ಬರೆದಿಡಿ.

ಈ ಭಾನುವಾರ ನಮ್ಮನೇಲಿ ಮಸಾಲೆ ಹುರೀತೀವಿ. ಕಿಟಕಿ ತೆರೆದೇ ಇರುತ್ತೆ. ಜೈ ಭೀಮ್.