ಮುಳ್ಳು ತಪ್ಪು ಹೇಳುವ ಹೊತ್ತು

ವಿಮಾನ ಸ್ಟಾಲ್ ಆಯ್ತು ಅಂದ್ರೆ ಎಂಜಿನ್ ನಿಂತುಹೋಯ್ತು ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ. ಅಲ್ಲ, ಕೈಕೊಡೋದು ರೆಕ್ಕೆ. ಎದುರುಗಾಳಿಗೆ ರೆಕ್ಕೆಯ ಕೋನ ಮಿತಿ ಮೀರಿದರೆ ಗಾಳಿಯ ಹರಿವು ಮೇಲ್ಮೈ ಬಿಟ್ಟು ಚೆದುರುತ್ತೆ, ಎತ್ತುವ ಬಲ ಕುಸಿಯುತ್ತೆ.

1930ರ ದಶಕದ ಪೈಪರ್ ಜೆ-3 ಕಬ್ ನೇರ ಹಾರಾಟದಲ್ಲಿ ಸ್ಟಾಲ್ ಆಗೋದು ಗಂಟೆಗೆ ಸುಮಾರು 60 ಕಿ.ಮೀ. ವೇಗದಲ್ಲಿ. ಎಚ್ಚರಿಸೋಕೆ ಹಾರ್ನ್ ಇಲ್ಲ. ವೇಗದ ಮುಳ್ಳು ನೋಡೋಣ ಅಂದ್ರೆ, ಮೂತಿ ಎತ್ತಿದಾಗ ಗಾಳಿ ಪಿಟೋ ಕೊಳವೆಗೆ ಓರೆಯಾಗಿ ನುಗ್ಗುತ್ತೆ. ಇಂಥ ಎಷ್ಟೋ ಹಳೇ ವಿಮಾನಗಳಲ್ಲಿ ಹೊರಗಿನ ಒತ್ತಡದ ಬದಲು ಕ್ಯಾಬಿನ್ ಒತ್ತಡವನ್ನೇ ಲೆಕ್ಕಕ್ಕೆ ಹಿಡಿಯೋದು; ಬಾಗಿಲು ತೆರೆದರೂ ಮುಳ್ಳು ಸರಿಯುತ್ತೆ! ಸೆನ್ಸರ್ ನಂಬಿ ಕೋಡ್ ಬರೆಯೋ ನನ್ನಂಥವರಿಗೆ ಇದು ದುಃಸ್ವಪ್ನ. ಅದಕ್ಕೇ ಸಾಕಷ್ಟು ಎತ್ತರದಲ್ಲಿ ಬೇಕಂತಲೇ ಸ್ಟಾಲ್ ಮಾಡಿ, ತಮ್ಮ ವಿಮಾನದ ಮುಳ್ಳು ಆಗ ಎಷ್ಟು ತೋರಿಸುತ್ತೆ ಅಂತ ಗುರುತಿಟ್ಟುಕೊಳ್ತಾರೆ.

ಆ ಗುರುತೂ ತಿರುವಿನಲ್ಲಿ ಸಾಲದು. ಎತ್ತರ ಕಳೆಯದೆ 60 ಡಿಗ್ರಿ ವಾಲಿ ತಿರುಗಿದರೆ ಸ್ಟಾಲ್ ವೇಗ 1.41 ಪಟ್ಟು, ಅಂದ್ರೆ 60 ಇದ್ದದ್ದು 85. ಇಳಿಯೋ ಮುಂಚಿನ ಕೊನೇ ತಿರುವಿನಲ್ಲಿ ಸಾವರಿಸಿಕೊಳ್ಳೋಕೆ ಎತ್ತರವೇ ಇರಲ್ಲ. ಅಲ್ಲಿ ಕೈಗೆ ಸಿಗೋ ಸುಳಿವುಗಳು ಬೇರೆ: ಕಂಟ್ರೋಲ್ ಸಡಿಲ, ಮೈಯೆಲ್ಲ ನಡುಕ, ಗಾಳಿಯ ಸದ್ದು ಕಮ್ಮಿ. ಆಗ ಸ್ಟಿಕ್ ಮುಂದಕ್ಕೆ ತಳ್ಳಬೇಕು, ನೆಲ ಎದುರಿಗೇ ಕಾಣ್ತಿದ್ದರೂ.