ಕಯಾಕ್‌ಗೆ ಹಾಯಿ ಕಟ್ಟಿದರೆ ತೆರಿಗೆ ಎಷ್ಟು?

ಹುಟ್ಟು ಹಾಕಿ ನಡೆಸುವ ಕಯಾಕ್ ದೋಣಿಗೆ ಪುಟ್ಟದೊಂದು ಹಾಯಿಯನ್ನು ಕಟ್ಟಿದಾಗ ಅದು ಹುಟ್ಟಿನ ದೋಣಿಯಾಗಿಯೇ ಉಳಿಯುವುದೇ, ಅಥವಾ ವಿಹಾರನೌಕೆಯೆಂಬ ಬಡ್ತಿಯನ್ನು ಪಡೆಯುವುದೇ? ಮೇಲ್ನೋಟಕ್ಕೆ ಇದು ತರ್ಕಶಾಸ್ತ್ರದ ವಿನೋದದಂತೆ ಕಾಣಬಹುದು. ಆದರೆ 2025ರ ಸೆಪ್ಟೆಂಬರ್ 22ರಿಂದೀಚೆಗೆ ಈ ಪ್ರಶ್ನೆಯ ಬೆಲೆ ನೂರಕ್ಕೆ ಇಪ್ಪತ್ತೆರಡು ರೂಪಾಯಿ.

ಸುಂಕಪಟ್ಟಿಯ 8903ನೆಯ ಶೀರ್ಷಿಕೆಯಲ್ಲಿ ಕೋಟ್ಯಧಿಪತಿಯ ಯಾಟ್ ನೌಕೆಯೂ ಬಡಪಾಯಿ ಹುಟ್ಟಿನ ದೋಣಿಯೂ ಒಂದೇ ಸೂರಿನಡಿ ವಾಸಿಸುತ್ತಿವೆ. ಮೊದಲು ಎರಡಕ್ಕೂ ಶೇ. 28ರ ಜಿಎಸ್‌ಟಿ ಇದ್ದು, ಯಾಟ್ ಹಾಗೂ ಇತರ ವಿಹಾರನೌಕೆಗಳ ಮೇಲೆ ಶೇ. 3ರ ಪರಿಹಾರ ಸೆಸ್ ಮಾತ್ರ ಹೆಚ್ಚುವರಿಯಾಗಿತ್ತು. ಜಿಎಸ್‌ಟಿ ಮಂಡಳಿಯ 56ನೆಯ ಸಭೆಯ ತೀರ್ಮಾನದಂತೆ ಹುಟ್ಟಿನ ದೋಣಿ ಮತ್ತು ಕನೂಗಳ ದರ ಶೇ. 18ಕ್ಕೆ ಇಳಿಯಿತು; ಯಾಟ್ ಮತ್ತು ವಿನೋದ ಅಥವಾ ಕ್ರೀಡೆಗಾಗಿ ಬಳಸುವ ಇತರ ನೌಕೆಗಳ ದರ ಶೇ. 40ಕ್ಕೆ ಏರಿತು. ಅಂತರ ಮೂರು ಇದ್ದಾಗ ಗೆರೆ ಎಲ್ಲಿದೆಯೆಂದು ಯಾರೂ ವಿಚಾರಿಸಲಿಲ್ಲ. ಈಗ ವಿಚಾರಿಸಲೇಬೇಕಾಗಿದೆ. ದರವನ್ನು ಬೇರ್ಪಡಿಸಿದವರು ಗೆರೆಯನ್ನು ಎಳೆಯದೆ ಬಿಟ್ಟಿದ್ದಾರೆ.

ಕರಾವಳಿಯ ಉದ್ಯಮಿಗಳಿಗೆ ಇದು ದೂರದ ಮಾತಲ್ಲ. ಸಾಲಿಗ್ರಾಮದ ಬಳಿ ಸೀತಾ ನದಿಯ ಹಿನ್ನೀರಿನಲ್ಲಿ, ಹೊನ್ನಾವರದ ಶರಾವತಿಯ ಕಾಂಡ್ಲಾವನದ ನಡುವೆ ಕಯಾಕಿಂಗ್ ಒಂದು ಜೀವನೋಪಾಯವಾಗಿ ಬೆಳೆದಿದೆ. ಇಲ್ಲಿ ಹಾಯಿಯ ಉಪಯೋಗವೂ ಸ್ಪಷ್ಟ. ಮಧ್ಯಾಹ್ನದ ನಂತರ ಗಾಳಿ ಕಡಲಿನಿಂದ ದಡದತ್ತ ಬೀಸುತ್ತದೆ. ಬೆಳಗ್ಗೆ ನದಿಮುಖದವರೆಗೆ ಹುಟ್ಟು ಹಾಕಿ ಹೋದ ಪ್ರವಾಸಿ ತೋಳು ಸೋತು ಹಿಂದಿರುಗುವ ವೇಳೆಗೆ ಬೆನ್ನಹಿಂದಿನ ಗಾಳಿ ಉಚಿತವಾಗಿ ದೊರೆಯುತ್ತದೆ. ನಮ್ಮ ಹಾಯಿದೋಣಿಗಳ ಹಿರಿಯರು ಈ ಗಾಳಿಯ ಲೆಕ್ಕವನ್ನು ಯಾವ ಪುಸ್ತಕವನ್ನೂ ಓದದೆ ಬಲ್ಲವರಾಗಿದ್ದರು.

ಹೊರದೇಶಗಳಲ್ಲಿಯೂ ಇದು ಹೊಸ ಹುಚ್ಚಲ್ಲ. ಲಂಡನ್ನಿನ ವಕೀಲ ಜಾನ್ ಮ್ಯಾಕ್‌ಗ್ರೆಗರ್ 1865ರಲ್ಲಿ ‘ರಾಬ್ ರಾಯ್’ ಎಂಬ ಕಿರುದೋಣಿಯಲ್ಲಿ ಯುರೋಪಿನ ನದಿಗಳನ್ನು ಸುತ್ತಿದಾಗ ಜೋಡಿ ಅಲಗಿನ ಹುಟ್ಟಿನ ಜೊತೆಗೆ ಚಿಕ್ಕ ಹಾಯಿಯನ್ನೂ ಒಯ್ದಿದ್ದನು. ಜರ್ಮನ್ ವೈದ್ಯ ಹಾನ್ನೆಸ್ ಲಿಂಡೆಮನ್ 1956ರಲ್ಲಿ ಹಾಯಿ ಕಟ್ಟಿದ ಮಡಚುವ ಕಯಾಕ್‌ನಲ್ಲಿ ಅಟ್ಲಾಂಟಿಕ್ ಸಾಗರವನ್ನೇ ದಾಟಿದನು. ಅಷ್ಟು ಸಾಹಸ ನಮ್ಮ ಹಿನ್ನೀರಿಗೆ ಬೇಡ.

ಸಾಮಾನ್ಯ ಕಯಾಕ್‌ನ ಹಾಯಿ ಸುಮಾರು ಒಂದು ಚದರ ಮೀಟರಿನ ಬಟ್ಟೆ. ಕೆಲವೇ ಕಿಲೋ ತೂಕ. ಮುಂಭಾಗದಲ್ಲಿ ಕಿರಿದಾದ ಕೂವೆಕಂಬ. ಬೇಡವಾದಾಗ ಮಡಚಿ ದೋಣಿಯ ಮೇಲೆಯೇ ಮಲಗಿಸಬಹುದು. ಗಾಳಿ ಹಿಂದಿನಿಂದ ಅಥವಾ ಪಕ್ಕದಿಂದ ಬಂದಾಗ ಅದು ನೆರವಾಗುತ್ತದೆ. ಆದರೆ ದೋಣಿಯ ಅಡಿಯಲ್ಲಿ ನೀರನ್ನು ಹಿಡಿದು ನಿಲ್ಲುವ ಹಲಗೆ ಇಲ್ಲದ್ದರಿಂದ ಎದುರುಗಾಳಿಗೆ ಹುಟ್ಟೇ ಗತಿ. ಅಗಲ ಕಿರಿದಾದ ಈ ದೋಣಿಗೆ ಹಾಯಿ ದೊಡ್ಡದಾದಷ್ಟೂ ಮಗುಚುವ ಭಯ ಹೆಚ್ಚು. ಜೀವರಕ್ಷಕ ಜಾಕೆಟ್ಟು, ಚುಕ್ಕಾಣಿ, ಮಗುಚಿದ ಮೇಲೆ ಮರಳಿ ಹತ್ತುವ ಅಭ್ಯಾಸ ಇವಿಲ್ಲದವರ ಕೈಗೆ ಹಾಯಿ ಕೊಡುವುದು ವ್ಯಾಪಾರವೂ ಅಲ್ಲ, ಪ್ರವಾಸೋದ್ಯಮವೂ ಅಲ್ಲ.

ಇನ್ನು ವರ್ಗೀಕರಣ. ಅಧಿಕಾರಿಯೊಬ್ಬರು ಸುಂಕಪಟ್ಟಿಯಲ್ಲಿ ‘ಹಾಯಿದೋಣಿ’ಗೆ ಪ್ರತ್ಯೇಕ ಉಪಶೀರ್ಷಿಕೆ ಇರುವುದನ್ನು ತೋರಿಸಿ, ಹಾಯಿ ಇದೆ, ಆದುದರಿಂದ ಇದು ಶೇ. 40ರ ವಸ್ತು ಎನ್ನಬಹುದು. ದರಪಟ್ಟಿಯಲ್ಲಿ ‘ಕಯಾಕ್’ ಎಂಬ ಪದವೇ ಇಲ್ಲ, ‘ಕನೂ’ ಮಾತ್ರ ಇದೆ ಎಂಬುದು ಅವರ ಎರಡನೆಯ ಅಸ್ತ್ರವಾದೀತು. ಎರಡೂ ವಾದ ದುರ್ಬಲ. ಒಲಿಂಪಿಕ್ಸ್‌ನಲ್ಲಿಯೂ ಕಯಾಕ್ ಸ್ಪರ್ಧೆಗಳು ಕನೂ ಕ್ರೀಡೆಯ ಒಳಗೇ ನಡೆಯುತ್ತವೆ. ಸುಂಕಪಟ್ಟಿಯ ವ್ಯಾಖ್ಯಾನ ನಿಯಮ 3(ಬಿ) ಪ್ರಕಾರ ಹಲವು ಭಾಗಗಳಿಂದಾದ ವಸ್ತುವನ್ನು ಅದರ ಮೂಲ ಸ್ವರೂಪವನ್ನು ನಿರ್ಧರಿಸುವ ಭಾಗದಿಂದ ಗುರುತಿಸಬೇಕು. ಹಾಯಿಯನ್ನು ತೆಗೆದರೂ ಕಯಾಕ್ ಕಯಾಕೇ; ಕಯಾಕನ್ನು ತೆಗೆದರೆ ಉಳಿಯುವುದು ಬಟ್ಟೆ, ಅದು 6306ನೆಯ ಶೀರ್ಷಿಕೆಯ ಜವಳಿ. 1958ರ ವಾಣಿಜ್ಯ ನೌಕಾ ಕಾಯ್ದೆಯು, 2025ರ ಹೊಸ ಕಾಯ್ದೆ ಅದರ ಸ್ಥಾನಕ್ಕೆ ಬರುವ ಮುನ್ನ, ಕೇವಲ ಹಾಯಿಯಿಂದಲೇ ಸಂಚರಿಸಲು ಸಾಕಾಗುವಷ್ಟು ವಿಸ್ತೀರ್ಣದ ಹಾಯಿಯುಳ್ಳದ್ದನ್ನು ಹಾಯಿನೌಕೆ ಎಂದಿತ್ತು. ವಿಹಾರನೌಕೆಯನ್ನು ಆ ವ್ಯಾಖ್ಯೆಯಿಂದ ಹೊರಗಿಟ್ಟಿದ್ದರಿಂದ ಅದು ಇಲ್ಲಿ ನೇರ ಆಧಾರವಾಗದು. ಅಳತೆಗೋಲು ಮಾತ್ರ ಎರವಲು ಪಡೆಯಲು ಯೋಗ್ಯವಾದುದು. ಇನ್ನೊಂದು ವಿಪರ್ಯಾಸವೆಂದರೆ, ಹಾಯಿ ಕಟ್ಟಿದ ಹಲಗೆ, ಅಂದರೆ ಸೈಲ್‌ಬೋರ್ಡ್, 9506ರಲ್ಲಿ ಕ್ರೀಡಾಸಾಮಗ್ರಿಗಳ ಸಾಲಿನಲ್ಲಿ ನೆಮ್ಮದಿಯಾಗಿ ಕುಳಿತಿದೆ.

ಎರಡೂ ಪಕ್ಕಕ್ಕೆ ತೇಲುಗಗಳನ್ನು ಜೋಡಿಸಿ ಎತ್ತರದ ಹಾಯಿ ಏರಿಸುವ ಮಾದರಿಗಳ ಮಾತು ಬೇರೆ. ಅವನ್ನು ಹಾಯಿದೋಣಿ ಎಂದರೆ ಆಕ್ಷೇಪಿಸುವುದು ಕಷ್ಟ.

ಲೆಕ್ಕ ಹಾಕಿ ನೋಡುವುದಾದರೆ, ಅರವತ್ತು ಸಾವಿರ ರೂಪಾಯಿಯ ಕಯಾಕ್‌ಗೆ ಶೇ. 18ರಂತೆ ತೆರಿಗೆ ರೂ. 10,800, ಶೇ. 40ರಂತೆ ರೂ. 24,000. ಹತ್ತು ದೋಣಿಗಳಿಗೆ ವ್ಯತ್ಯಾಸ ರೂ. 1,32,000. ಹೂಡುವಳಿ ತೆರಿಗೆ ಜಮೆಯಾಗಿ ಇದು ಮರಳುವುದಲ್ಲವೇ ಎಂದು ಕೇಳುವವರುಂಟು. ಅಲ್ಲಿಯೇ ಪೆಟ್ಟು. ಕೇಂದ್ರ ಜಿಎಸ್‌ಟಿ ಕಾಯ್ದೆಯ 17(5)ನೆಯ ಕಲಮು ನೌಕೆಗಳ ಮೇಲಿನ ಜಮೆಯನ್ನು ತಡೆದಿದೆ. ಮರುಪೂರೈಕೆ, ಪ್ರಯಾಣಿಕರ ಅಥವಾ ಸರಕಿನ ಸಾಗಣೆ, ನೌಕೆ ನಡೆಸುವ ತರಬೇತಿ ಇವಿಷ್ಟಕ್ಕೇ ವಿನಾಯಿತಿ. ಗಂಟೆಗಿಷ್ಟು ಎಂದು ದೋಣಿಯನ್ನು ಬಾಡಿಗೆಗೆ ಕೊಡುವವನ ಹೆಸರು ಆ ಪಟ್ಟಿಯಲ್ಲಿ ನೇರವಾಗಿ ಇಲ್ಲ. ಜಮೆ ಸಿಗದಿದ್ದರೆ ಆತನಿಗೆ ತೆರಿಗೆ ಪೂರ್ತಿಯಾಗಿ ಬಂಡವಾಳದ ವೆಚ್ಚ. ನಿಜವಾಗಿಯೂ ತರಬೇತಿ ಶಾಲೆ ನಡೆಸುವವರ ಸ್ಥಿತಿ ಉತ್ತಮ. ಆದರೆ ಹೆಸರಿಗೆ ಮಾತ್ರ ಶಾಲೆಯೆಂದು ಫಲಕ ತಗಲಿಸುವ ಜಾಣತನ ಲೆಕ್ಕಪರಿಶೋಧನೆಯಲ್ಲಿ ನಿಲ್ಲದು.

ಕೇಂದ್ರ ಪರೋಕ್ಷ ತೆರಿಗೆ ಮಂಡಳಿಯು ಒಂದು ಪುಟದ ಸುತ್ತೋಲೆಯಿಂದ ಇದನ್ನು ಬಗೆಹರಿಸಬಹುದು. ಮೂಲತಃ ಹುಟ್ಟಿನಿಂದ ನಡೆಯುವ, ನಿಗದಿತ ಉದ್ದ ಮೀರದ, ಕಳಚಬಲ್ಲ ಕಿರುಹಾಯಿಯುಳ್ಳ ದೋಣಿ ಶೇ. 18ರಲ್ಲಿಯೇ ಇರಲಿ, ಹಾಯಿಯ ವಿಸ್ತೀರ್ಣಕ್ಕೂ ಮಿತಿ ಹಾಕಲಿ. ಮಿತಿ ಇದ್ದರೆ ಶ್ರೀಮಂತರ ನೌಕೆಗಳು ಈ ಕಿಂಡಿಯಿಂದ ನುಸುಳುವ ಭಯವೂ ಇಲ್ಲ. ಕರಾವಳಿಯ ವಾಣಿಜ್ಯ ಸಂಸ್ಥೆಗಳು ಪ್ರವಾಸೋದ್ಯಮ ಇಲಾಖೆಯನ್ನು ಜೊತೆಗೂಡಿಸಿಕೊಂಡು ಈ ಮನವಿಯನ್ನು ಮಂಡಿಸುವುದು ಸೂಕ್ತ.

ಅಲ್ಲಿಯವರೆಗೆ ವರ್ತಕರು ಕಯಾಕ್ ಮತ್ತು ಹಾಯಿಯನ್ನು ಒಂದೇ ಬೆಲೆಗೆ ಕಟ್ಟಿ ಮಾರದಿರುವುದು ಕ್ಷೇಮ. ಅದನ್ನು 8ನೆಯ ಕಲಮಿನ ಮಿಶ್ರ ಪೂರೈಕೆಯೆಂದು ಪರಿಗಣಿಸಿದರೆ ಎರಡರಲ್ಲಿ ಹೆಚ್ಚಿನ ದರವೇ ಇಡೀ ಮೊತ್ತಕ್ಕೆ ಅನ್ವಯಿಸುತ್ತದೆ. ದೊಡ್ಡ ಪ್ರಮಾಣದಲ್ಲಿ ಮಾರುವವರು ಮುಂಗಡ ತೀರ್ಪಿಗೆ ಅರ್ಜಿ ಸಲ್ಲಿಸಬಹುದು. ಆದರೆ ಆ ತೀರ್ಪು ಅರ್ಜಿದಾರನಿಗೂ ಆತನ ವ್ಯಾಪ್ತಿಯ ಅಧಿಕಾರಿಗೂ ಮಾತ್ರ ಬದ್ಧ. ನೆರೆಯ ಅಂಗಡಿಯವನು ಅದರ ಪ್ರತಿಯನ್ನು ಗೋಡೆಗೆ ತೂಗುಹಾಕಿ ಪ್ರಯೋಜನವಿಲ್ಲ.