ಲಾರಿಯ ಆಕ್ಸಲ್ ಬಲಪಡಿಸಿದರೆ ಲಾಭವೂ ಬಲಗೊಂಡೀತೇ?

ಶಿವಗಂಗೆಯ ಸಮೀಪ ಸಿಮೆಂಟ್ ಬ್ಲಾಕ್ ತಯಾರಿಸುವ ಸಣ್ಣ ಉದ್ಯಮಿಯೊಬ್ಬರು ಇತ್ತೀಚೆಗೆ ನನ್ನ ಕಚೇರಿಗೆ ಬಂದಿದ್ದರು. ಅವರ ಕೈಯಲ್ಲಿ ಒಂದು ಗ್ಯಾರೇಜಿನ ಬಿಲ್ಲಿತ್ತು. ತಮ್ಮ ಹಳೆಯ ಮೂರು ಆಕ್ಸಲ್‌ಗಳ ಲಾರಿಗೆ ಹೆಚ್ಚುವರಿ ಸ್ಪ್ರಿಂಗ್ ಪ್ಲೇಟುಗಳನ್ನು ಹಾಕಿಸಿ, ಚಾಸಿಸ್ಸನ್ನು ಕೆಲವು ಅಂಗುಲ ಮೇಲೆತ್ತಿಸಿ, ಹಿಂಬದಿಗೆ ಹೆಚ್ಚು ಭಾರ ತಾಳುವ ಆಕ್ಸಲ್‌ಗಳನ್ನು ಜೋಡಿಸಿದ್ದರು. ‘ಸ್ವಾಮಿ, ಈ ಖರ್ಚನ್ನು ರಿಪೇರಿ ಖಾತೆಗೆ ಬರೆಯೋಣವೋ, ವಾಹನದ ಖಾತೆಗೆ ಸೇರಿಸೋಣವೋ?’ ಎಂಬುದು ಅವರ ಪ್ರಶ್ನೆ.

ಲೆಕ್ಕಶಾಸ್ತ್ರದ ಉತ್ತರ ಸುಲಭ. ಸವೆದ ಭಾಗವನ್ನು ಅದೇ ಬಗೆಯ ಭಾಗದಿಂದ ಬದಲಿಸಿದರೆ ಅದು ರಿಪೇರಿ. ಸಾಮರ್ಥ್ಯವನ್ನು ಹೆಚ್ಚಿಸುವುದಕ್ಕಾಗಿ ಮಾಡಿದರೆ ಬಂಡವಾಳ ವೆಚ್ಚ. ಆದರೆ ಇಲ್ಲಿ ಸಾಮರ್ಥ್ಯವು ನಿಜವಾಗಿಯೂ ಹೆಚ್ಚಿತೇ ಎಂಬ ಪ್ರಶ್ನೆ ಉಳಿಯುತ್ತದೆ. ವಾಣಿಜ್ಯ ಬಾಂಧವರೆಲ್ಲರೂ ಯೋಚಿಸಬೇಕಾದ ವಿಷಯವಿದೆಂದು ಭಾವಿಸಿ ಈ ಲೇಖನವನ್ನು ಬರೆಯುತ್ತಿದ್ದೇನೆ.

ಲಾರಿಯೊಂದು ಎಷ್ಟು ಭಾರ ಹೊರಬಹುದೆಂಬುದನ್ನು ಅದರ ಆಕ್ಸಲ್ ಒಂದೇ ನಿರ್ಧರಿಸುವುದಿಲ್ಲ. ಚಾಸಿಸ್, ಬ್ರೇಕ್, ಸ್ಟಿಯರಿಂಗ್, ಟಯರು ಇವೆಲ್ಲವೂ ಒಂದಕ್ಕೊಂದು ಹೊಂದಿಕೊಂಡು ಆ ಮಿತಿಯನ್ನು ಕಟ್ಟುತ್ತವೆ. ಸರಪಳಿಯ ಒಂದು ಕೊಂಡಿಯನ್ನು ದಪ್ಪ ಮಾಡಿದ ಮಾತ್ರಕ್ಕೆ ಉಳಿದ ಕೊಂಡಿಗಳು ಗಟ್ಟಿಯಾಗುವುದಿಲ್ಲ. ಭಾರ ಹೆಚ್ಚಿದಷ್ಟೂ ಲಾರಿ ನಿಲ್ಲಲು ಬೇಕಾಗುವ ದೂರ ಹೆಚ್ಚುತ್ತದೆ. ಚಾಸಿಸ್ಸನ್ನು ಎತ್ತರಿಸಿದರೆ ಭಾರದ ಕೇಂದ್ರ ಮೇಲೇರಿ, ತಿರುವಿನಲ್ಲಿ ವಾಹನ ಉರುಳುವ ಸಂಭವ ಅಧಿಕವಾಗುತ್ತದೆ. ಪ್ರೊಪೆಲ್ಲರ್ ಶಾಫ್ಟಿನ ಕೋನ ಬದಲಾಗಿ ಅದರ ಜಾಯಿಂಟುಗಳು ಬೇಗ ಸವೆಯುತ್ತವೆ.

2024ರ ಡಿಸೆಂಬರ್ 21ರಂದು ನೆಲಮಂಗಲ ತಾಲ್ಲೂಕಿನ ಹೆದ್ದಾರಿಯಲ್ಲಿ ಕಂಟೇನರ್ ಲಾರಿಯೊಂದು ಕಾರಿನ ಮೇಲೆ ಉರುಳಿ ಒಂದೇ ಕುಟುಂಬದ ಆರು ಮಂದಿ ಅಸುನೀಗಿದ್ದನ್ನು ನಾವಾರೂ ಮರೆತಿಲ್ಲ. ಆ ಲಾರಿ ಮಾರ್ಪಾಟುಗೊಂಡಿತ್ತೆಂದು ನಾನು ಹೇಳುತ್ತಿಲ್ಲ. ಭಾರ ಹೊತ್ತ ವಾಹನ ಸಮತೋಲ ತಪ್ಪಿದರೆ ಪಕ್ಕದಲ್ಲಿರುವವರ ಗತಿ ಏನಾಗುತ್ತದೆಂಬುದನ್ನು ನೆನಪಿಸಲಷ್ಟೇ ಈ ಮಾತು.

ಇನ್ನು ಕಾನೂನಿನ ಸ್ಥಿತಿ. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನಂತೆ, ತಯಾರಕರು ಮೂಲತಃ ನಿಗದಿಪಡಿಸಿದ ವಿವರಗಳಿಗೂ ನೋಂದಣಿ ಪತ್ರದ ವಿವರಗಳಿಗೂ ವ್ಯತ್ಯಾಸವಾಗುವಂತೆ ಮಾಲೀಕನು ವಾಹನವನ್ನು ಮಾರ್ಪಡಿಸುವಂತಿಲ್ಲ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2019ರ ಜನವರಿ 9ರಂದು ಇದನ್ನು ಸ್ಪಷ್ಟವಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಬಂದ 182ಎ ಕಲಮಿನ ಪ್ರಕಾರ, ಅನುಮತಿಯಿಲ್ಲದ ಮಾರ್ಪಾಟಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಪ್ರತಿ ಮಾರ್ಪಾಟಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಬಹುದು.

‘ಸರ್ಕಾರವೇ ಭಾರದ ಮಿತಿಯನ್ನು ಏರಿಸಿದೆಯಲ್ಲ’ ಎಂದು ಕೆಲವರು ವಾದಿಸುತ್ತಾರೆ. ನಿಜ. 2018ರ ಜುಲೈನಲ್ಲಿ ನಾಲ್ಕು ಟಯರುಗಳ ಒಂಟಿ ಆಕ್ಸಲ್‌ನ ಮಿತಿ 10.2 ಟನ್ನಿನಿಂದ 11.5 ಟನ್ನಿಗೂ, ಮೂರು ಆಕ್ಸಲ್‌ಗಳ ಲಾರಿಯ ಒಟ್ಟು ತೂಕದ ಮಿತಿ 25 ಟನ್ನಿನಿಂದ 28.5 ಟನ್ನಿಗೂ ಏರಿತು. ಆದರೆ 113ನೇ ಕಲಮಿನಂತೆ ಮಾಲೀಕನನ್ನು ಬಂಧಿಸುವುದು ಆತನ ನೋಂದಣಿ ಪತ್ರದಲ್ಲಿ ನಮೂದಾದ ಒಟ್ಟು ತೂಕ. ಗ್ಯಾರೇಜಿನಲ್ಲಿ ಹಾಕಿಸಿದ ದಪ್ಪನೆಯ ಆಕ್ಸಲ್ ಆ ಪತ್ರದ ಒಂದು ಅಂಕಿಯನ್ನೂ ತಿದ್ದಲಾರದು.

ಈಗ ಜಮಾ-ಖರ್ಚಿನ ಲೆಕ್ಕ ನೋಡೋಣ. ಉದಾಹರಣೆಗೆ, ಪ್ರತಿ ಟ್ರಿಪ್ಪಿಗೆ 5 ಟನ್ ಅಧಿಕ ಮಾಲು ಹೇರಿ, ಟನ್ನಿಗೆ 400 ರೂಪಾಯಿಯಂತೆ 2,000 ರೂಪಾಯಿ ಉಳಿಸಿದಿರೆಂದು ಇಟ್ಟುಕೊಳ್ಳಿ. ಒಮ್ಮೆ ತೂಕದ ಸೇತುವೆಯ ಮೇಲೆ ಸಿಕ್ಕಿಬಿದ್ದರೆ 194ನೇ ಕಲಮಿನ ದಂಡ 20,000 ರೂಪಾಯಿ. ಜೊತೆಗೆ ಪ್ರತಿ ಅಧಿಕ ಟನ್ನಿಗೆ 2,000. ಒಟ್ಟು 30,000 ರೂಪಾಯಿ. ಹೆಚ್ಚುವರಿ ಮಾಲನ್ನು ಇಳಿಸುವ ವೆಚ್ಚ ಬೇರೆ. 2019ರ ತಿದ್ದುಪಡಿಗೆ ಮುಂಚೆ ಇದೇ ತಪ್ಪಿಗೆ 2,000 ರೂಪಾಯಿ ಮತ್ತು ಟನ್ನಿಗೆ 1,000, ಅಂದರೆ 7,000 ರೂಪಾಯಿ ಸಾಕಾಗಿತ್ತು. ನಮ್ಮಲ್ಲಿ ಅನೇಕರು ಇಂದಿಗೂ ಆ ಹಳೆಯ ಲೆಕ್ಕವನ್ನೇ ಮನಸ್ಸಿನಲ್ಲಿಟ್ಟುಕೊಂಡಿದ್ದಾರೆ.

ಮತ್ತೊಂದು ಅಂಶವನ್ನು ಬಹಳ ಮಂದಿ ಗಮನಿಸುವುದಿಲ್ಲ. ಕಾನೂನು ಉಲ್ಲಂಘನೆಗಾಗಿ ತೆತ್ತ ದಂಡವನ್ನು ವ್ಯಾಪಾರದ ವೆಚ್ಚವೆಂದು ಕಳೆಯಲು 1961ರ ಆದಾಯ ತೆರಿಗೆ ಕಾಯಿದೆಯ 37ನೇ ಕಲಮು ಅವಕಾಶ ಕೊಡಲಿಲ್ಲ; 2025ರ ಹೊಸ ಕಾಯಿದೆಯಲ್ಲಿಯೂ ಅದೇ ತತ್ತ್ವ ಮುಂದುವರಿದಿದೆ. ಸೆಸ್ ಸೇರಿ ಶೇಕಡಾ 31.2ರಷ್ಟು ತೆರಿಗೆ ಕಟ್ಟುವ ಪಾಲುದಾರಿಕೆ ಸಂಸ್ಥೆಯು 30,000 ರೂಪಾಯಿ ದಂಡ ತೆರಬೇಕಾದರೆ ಸುಮಾರು 43,600 ರೂಪಾಯಿ ಲಾಭ ಗಳಿಸಿರಬೇಕು. ಟ್ರಿಪ್ಪಿಗೆ 2,000 ರೂಪಾಯಿಯಂತೆ ಅದು 22 ಟ್ರಿಪ್ಪುಗಳ ಗಳಿಕೆ. ಸವೆದ ಟಯರು, ಹೆಚ್ಚುವರಿ ಡೀಸೆಲ್, ಗ್ಯಾರೇಜಿನ ಮೂಲ ಬಿಲ್ಲು ಇವಾವುವೂ ಈ ಲೆಕ್ಕದಲ್ಲಿ ಸೇರಿಲ್ಲ.

ವಿಮೆಯ ವಿಷಯದಲ್ಲಂತೂ ಅಪಾಯ ಇನ್ನೂ ದೊಡ್ಡದು. ಷರತ್ತು ಮುರಿದ ಮಾತ್ರಕ್ಕೆ ವಿಮಾ ಪರಿಹಾರ ಪೂರ್ತಿ ತಪ್ಪಿಹೋಗದೆಂದು ನ್ಯಾಯಾಲಯಗಳು ಕೆಲವು ಪ್ರಕರಣಗಳಲ್ಲಿ ಹೇಳಿರುವುದುಂಟು. ಆದರೆ ಆ ಉಲ್ಲಂಘನೆಗೂ ಅಪಘಾತಕ್ಕೂ ಸಂಬಂಧವಿರಲಿಲ್ಲವೆಂಬುದು ಅಂತಹ ತೀರ್ಪುಗಳ ಆಧಾರ. ತಿಳಿಸದೆ ಎತ್ತರಿಸಿದ, ಮಿತಿಮೀರಿ ಹೇರಿದ ಲಾರಿ ಉರುಳಿದಾಗ ಆ ವಾದ ನಿಲ್ಲುವುದು ಕಷ್ಟ. ಮೂರನೆಯವರಿಗೆ ಕೊಟ್ಟ ಪರಿಹಾರವನ್ನು ವಿಮಾ ಕಂಪನಿಯು ಮಾಲೀಕನಿಂದಲೇ ವಸೂಲು ಮಾಡುವ ಪ್ರಸಂಗವೂ ಬರಬಹುದು. ಒಂದು ಅಪಘಾತದಲ್ಲಿ ಕಾರ್ಖಾನೆಯೇ ಕೈಬಿಟ್ಟು ಹೋದೀತು.

ರಸ್ತೆಯ ಖರ್ಚನ್ನೂ ನಾವೇ ಹೊರುತ್ತೇವೆ. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್‌ನಲ್ಲಿ ನಡೆದ ಪ್ರಸಿದ್ಧ ರಸ್ತೆ ಪರೀಕ್ಷೆಯಿಂದ, ಆಕ್ಸಲ್ ಭಾರದ ಸುಮಾರು ನಾಲ್ಕನೇ ಘಾತದಷ್ಟು ರಸ್ತೆ ಹಾಳಾಗುತ್ತದೆಂದು ತಿಳಿದುಬಂತು. ಅಂದರೆ 10.2 ಟನ್ನಿನ ಬದಲು 15 ಟನ್ ಹೊತ್ತ ಆಕ್ಸಲ್ ಒಂದೂವರೆ ಪಟ್ಟಲ್ಲ, ನಾಲ್ಕೂವರೆ ಪಟ್ಟಿಗೂ ಮೀರಿ ಹಾನಿ ಮಾಡುತ್ತದೆ. ದಾಬಸ್‌ಪೇಟೆಯಿಂದ ಶಿವಗಂಗೆಗೆ ಹೋಗುವ ದಾರಿಯಲ್ಲಿ ನಮ್ಮ ಲಾರಿಗಳಷ್ಟೇ ಅಲ್ಲ, ಸಂಕ್ರಾಂತಿಯ ಯಾತ್ರಿಕರೂ ಶಾಲೆಯ ಮಕ್ಕಳೂ ಸಂಚರಿಸುತ್ತಾರೆ.

ನನ್ನ ಕಕ್ಷಿದಾರರು ಎಲ್ಲವನ್ನೂ ಕೇಳಿ ಒಂದು ಮಾತು ಹೇಳಿದರು: ‘ಪಕ್ಕದವರು ಹೇರುತ್ತಾರೆ. ನಾನೊಬ್ಬ ಹೇರದಿದ್ದರೆ ನನ್ನ ಬ್ಲಾಕಿನ ದರ ಹೆಚ್ಚಾಗಿ ಗಿರಾಕಿ ಅವರ ಕಡೆಗೆ ಹೋಗುತ್ತಾನೆ.’ ಈ ಮಾತಿನಲ್ಲಿ ಸತ್ಯವಿದೆ. ಅವರನ್ನು ಗ್ಯಾರೇಜಿಗೆ ಅಟ್ಟಿದ್ದು ಲಾರಿಯ ದೌರ್ಬಲ್ಯವಲ್ಲ, ಸಾಗಣೆ ದರದ ಪೈಪೋಟಿ. ರೋಗ ದರದಲ್ಲಿ, ಚಿಕಿತ್ಸೆ ಆಕ್ಸಲ್‌ಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಯಿತು. ಟ್ರಿಪ್ಪಿಗಿಷ್ಟು ಎಂದು ಬಾಡಿಗೆ ನಿಗದಿ ಮಾಡಿ, ಹೇರಿದಷ್ಟೂ ಲಾಭವೆಂದು ಎಣಿಸುವ ನಾವೇ, ಅಂದರೆ ಮಾಲು ಕಳಿಸುವವರು ಹಾಗೂ ತರಿಸಿಕೊಳ್ಳುವವರು, ಈ ಪೈಪೋಟಿಯ ಮೂಲ.

ಆದುದರಿಂದ ನಮ್ಮ ಸಂಸ್ಥೆಯ ಸದಸ್ಯರಲ್ಲಿ ಮೂರು ಸಲಹೆಗಳನ್ನು ಸವಿನಯವಾಗಿ ಮುಂದಿಡುತ್ತೇನೆ. ಒಂದು, ಬಾಡಿಗೆಯನ್ನು ಟ್ರಿಪ್ಪಿನ ಬದಲು ಟನ್ ಲೆಕ್ಕದಲ್ಲಿ, ನೋಂದಣಿ ಪತ್ರದ ಮಿತಿಯೊಳಗೆ ಗೊತ್ತುಪಡಿಸಬೇಕು. ಎರಡು, ಖರೀದಿ ಆದೇಶದಲ್ಲಿಯೇ ಈ ಷರತ್ತನ್ನು ಬರೆದು, ಬಿಲ್ಲಿನೊಡನೆ ತೂಕದ ಚೀಟಿ ಇಲ್ಲದಿದ್ದರೆ ಹಣ ಪಾವತಿಸಬಾರದು. ಮೂರು, ಹೆಚ್ಚು ಸಾಮರ್ಥ್ಯ ನಿಜವಾಗಿಯೂ ಬೇಕಿದ್ದವರು ಆ ತೂಕಕ್ಕೆಂದೇ ತಯಾರಾದ ವಾಹನವನ್ನು ಕೊಳ್ಳಬೇಕು. ಅದಕ್ಕೆ ಸವಕಳಿಯೂ ದೊರೆಯುತ್ತದೆ, ವಿಮೆಯೂ ನಿಲ್ಲುತ್ತದೆ. ಒಬ್ಬರೇ ಪಾಲಿಸಿದರೆ ನಷ್ಟವಾಗುವ ಶಿಸ್ತನ್ನು ಎಲ್ಲರೂ ಸೇರಿ ಪಾಲಿಸಿದರೆ ಯಾರಿಗೂ ನಷ್ಟವಿಲ್ಲ. ವಾಣಿಜ್ಯ ಮಂಡಳಿ ಇರುವುದೇ ಇಂತಹ ಕೆಲಸಕ್ಕೆ.

ಆ ಬಿಲ್ಲು ಈಗಲೂ ನನ್ನ ಮೇಜಿನ ಮೇಲಿದೆ. ಹಳೆಯ ಪ್ಲೇಟುಗಳನ್ನೂ ಆಕ್ಸಲ್‌ಗಳನ್ನೂ ಮರಳಿ ಹಾಕಿಸಿದ ಬಿಲ್ಲನ್ನೂ ತಂದುಕೊಡಿ, ಎರಡನ್ನೂ ಒಟ್ಟಿಗೇ ಬರೆಯೋಣ ಎಂದು ಅವರಿಗೆ ತಿಳಿಸಿದ್ದೇನೆ.